ಕೋಚ್ ರಿವರ್ಸ್ ಎಂದರೆ ಯಾರು?

ಹಂಟ್ಸ್‌ವಿಲ್‌ನಿಂದ ಪಶ್ಚಿಮಕ್ಕೆ 72ನೆಯ ಹೆದ್ದಾರಿ ಹಿಡಿದು ಹೊರಟರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಅಥೆನ್ಸ್ ಎಂಬ ಊರು ಸಿಗುತ್ತದೆ. ಹೆಸರು ಗ್ರೀಸಿನದಾದರೂ ಊರು ಅಮೆರಿಕದ ಅಲಬಾಮಾ ರಾಜ್ಯದ ಉತ್ತರ ತುದಿಯದು. ಅಕ್ಟೋಬರಿನಲ್ಲಿ ಹೋದರೆ ರಸ್ತೆಯ ಎರಡೂ ಬದಿಗೆ ಹತ್ತಿ ಒಡೆದು ಹೊಲಗಳೆಲ್ಲ ಬೆಳ್ಳಗಾಗಿರುತ್ತವೆ. ಕೆಲಸದ ಮೇಲೆ ನಾನು ಈ ಕಡೆಗೆ ಬಂದು ನೆಲೆಸಿದ ಮೊದಲ ವರ್ಷ, ಅಮೆರಿಕನ್ ಫುಟ್‌ಬಾಲ್ ಎಂದರೆ ಹೆಲ್ಮೆಟ್ ತೊಟ್ಟವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಆಟ ಎಂಬುದಷ್ಟೇ ನನಗೆ ಗೊತ್ತಿತ್ತು. ಕಚೇರಿಯಲ್ಲಿ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಅದೇ ಅಥೆನ್ಸಿನಲ್ಲಿ ಬೆಳೆದವರು. ಒಂದು ದಿನ ಮಾತಿನ ನಡುವೆ ಅವರು ‘ಕೋಚ್ ರಿವರ್ಸ್’ ಎಂದರು. ಟಿ.ವಿ.ಯಲ್ಲಿ ಆ ಹೆಸರು ನನ್ನ ಕಿವಿಗೂ ಬಿದ್ದಿದ್ದರಿಂದ, ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡದ ಫಿಲಿಪ್ ರಿವರ್ಸ್ ತಾನೇ ಎಂದು ಉತ್ಸಾಹದಿಂದ ಕೇಳಿದೆ. ಅವರು ತಲೆಯಾಡಿಸಿ, ಅವನು ಮಗ, ನಾನು ಹೇಳುತ್ತಿರುವುದು ಅಪ್ಪನ ವಿಷಯ ಎಂದರು. ದೇಶವೆಲ್ಲ ಭಾನುವಾರ ಮಧ್ಯಾಹ್ನ ಯಾರ ಆಟವನ್ನು ನೋಡಲು ಕೂರುತ್ತಿತ್ತೋ ಆ ಫಿಲಿಪ್, ಅವನ ಸ್ವಂತ ಊರಿನಲ್ಲಿ ಮೊದಲು ಕೋಚ್ ರಿವರ್ಸ್ ಅವರ ಮಗ, ಆಮೇಲೆ ಮಿಕ್ಕದ್ದು.

ಇಂದು ಆ ಹೆಸರು ಮಗನಿಗೂ ಸೇರಿದೆ. 17 ವರ್ಷ ವೃತ್ತಿಪರ ಲೀಗಿನಲ್ಲಿ ಆಡಿದ ಫಿಲಿಪ್ ರಿವರ್ಸ್ 2021ರಲ್ಲಿ ನಿವೃತ್ತರಾಗಿ, ಇದೇ ರಾಜ್ಯದ ದಕ್ಷಿಣ ತುದಿಯಲ್ಲಿ ಮೊಬೀಲ್ ಕೊಲ್ಲಿಯ ಪೂರ್ವ ದಡಕ್ಕಿರುವ ಫೇರ್‌ಹೋಪ್ ಊರಿನ ಸೇಂಟ್ ಮೈಕೆಲ್ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಮುಖ್ಯ ಕೋಚ್ ಆದರು. ದೊಡ್ಡ ಆಟಗಾರರೊಬ್ಬರು ಬಿಡುವಾದ ಮೇಲೆ ಹುಡುಗರಿಗೆ ಆಟ ಹೇಳಿಕೊಡಲು ಹೋದರು ಎಂದೇ ಹೆಚ್ಚಿನವರು ಇದನ್ನು ಬರೆದರು. ನನಗೆ ಅದು ಹಾಗೆ ಕಾಣುವುದಿಲ್ಲ. ಅವರು ಹೊರಟದ್ದೇ ಶಾಲೆಯ ಮೈದಾನದಿಂದ. ನಡುವಿನ 17 ವರ್ಷ ಬಹಳ ದೊಡ್ಡದೊಂದು ಸುತ್ತು ಹಾಕಿ ಅಲ್ಲಿಗೇ ಬಂದರು.

ಫಿಲಿಪ್ ಹುಟ್ಟಿದ್ದು 1981ರ ಡಿಸೆಂಬರ್ 8ರಂದು, ಟೆನೆಸೀ ನದಿಯ ದಡದ ಡೆಕೇಟರ್ ಊರಿನಲ್ಲಿ. ತಂದೆ ಸ್ಟೀವ್ ರಿವರ್ಸ್ ಹೈಸ್ಕೂಲ್ ಫುಟ್‌ಬಾಲ್ ಕೋಚ್. ಹೀಗಾಗಿ ಆ ಮಗುವಿಗೆ ಆಟದ ಅಂಗಳವೆಂದರೆ ಅಪ್ಪನ ಹುಡುಗರು ಅಭ್ಯಾಸ ಮಾಡುತ್ತಿದ್ದ ಮೈದಾನವೇ. ಅವರು ಚೆಂಡೆಸೆಯುವ ರೀತಿ ಕೊನೆಯವರೆಗೂ ವಿಚಿತ್ರವಾಗಿತ್ತು. ಬೇರೆಯವರು ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಎಸೆದರೆ ಇವರು ಭುಜದ ಪಕ್ಕದಿಂದ, ಗುಂಡು ಎಸೆಯುವವರ ಹಾಗೆ, ತಳ್ಳಿದಂತೆ ಎಸೆಯುತ್ತಿದ್ದರು. ಪುಟ್ಟ ಕೈಗೆ ಹಿಡಿಯಲಾಗದಷ್ಟು ದೊಡ್ಡದಾದ, ದೊಡ್ಡವರ ಚೆಂಡಿನಲ್ಲೇ ಎಸೆತ ಕಲಿತದ್ದರಿಂದ ಹಾಗಾಯಿತು ಎನ್ನುತ್ತಾರೆ. ಐದನೆಯ ತರಗತಿಯಲ್ಲಿದ್ದಾಗ ಒಂದು ಕ್ರೀಡಾ ಪತ್ರಿಕೆಯ ಮುಖಪುಟದಲ್ಲಿದ್ದ ಆಟಗಾರನ ಮುಖದ ಮೇಲೆ ತನ್ನ ಮುಖದ ಫೋಟೊ ಅಂಟಿಸಿ ಪೋಸ್ಟರ್ ಮಾಡಿದ್ದ ಹುಡುಗ ಅವನು. ಮುಂದೆ ಅಥೆನ್ಸ್ ಹೈಸ್ಕೂಲಿನಲ್ಲಿ ಅಪ್ಪನೇ ಕೋಚ್, ಮಗನೇ ಮೈದಾನದಲ್ಲಿ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್. ಅಪ್ಪ ತಮ್ಮ ಕಾಲದಲ್ಲಿ ತೊಡುತ್ತಿದ್ದ 17ನೆಯ ಸಂಖ್ಯೆಯ ಅಂಗಿಯನ್ನೇ ಮಗ ಕೇಳಿ ತೊಟ್ಟ. ಆ ಸಂಖ್ಯೆ ಶಾಲೆಯಲ್ಲಿ, ಕಾಲೇಜಿನಲ್ಲಿ, ವೃತ್ತಿಪರ ಲೀಗಿನಲ್ಲಿ, ಎಲ್ಲೆಡೆ ಅವರ ಬೆನ್ನ ಮೇಲಿತ್ತು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ಪ್ರತಿ ತಂಡದಿಂದ 11 ಜನ ಮೈದಾನಕ್ಕಿಳಿಯುತ್ತಾರೆ. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು, ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಹೆಚ್ಚಿನ ಯತ್ನಗಳಲ್ಲಿ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕಿನ ಕೈಗೆ. ಎಸೆಯಬೇಕೋ, ಓಡುವವನಿಗೆ ಕೊಡಬೇಕೋ, ಎದುರಾಳಿಗಳು ನಿಂತ ಬಗೆ ನೋಡಿ ಕೊನೆಯ ಕ್ಷಣದಲ್ಲಿ ಯೋಜನೆಯನ್ನೇ ಬದಲಿಸಬೇಕೋ ಎಂಬುದನ್ನೆಲ್ಲ ಕೆಲವೇ ಸೆಕೆಂಡುಗಳಲ್ಲಿ ಅವನು ತೀರ್ಮಾನಿಸಬೇಕು. ರಿವರ್ಸ್ ಅವರ ಕಾಲುಗಳಲ್ಲಿ ವೇಗವಿರಲಿಲ್ಲ. ಅವರ ಬಲವೆಲ್ಲ ಈ ಓದುವ ಕೆಲಸದಲ್ಲಿತ್ತು. ಗೆರೆಯ ಹಿಂದೆ ನಿಂತು, ಎದುರಾಳಿಗಳತ್ತ ಬೆರಳು ತೋರಿಸುತ್ತ, ತಮ್ಮವರಿಗೆ ಕೂಗಿ ಹೇಳುತ್ತ, ಒಬ್ಬನನ್ನು ಎರಡು ಹೆಜ್ಜೆ ಆಚೆಗೆ ಸರಿಸುತ್ತ ಅವರು ಮಾಡುತ್ತಿದ್ದುದು ಕೋಚಿನ ಕೆಲಸವೇ. ಎದುರಾಳಿಗಳನ್ನು ಕೆಣಕುವುದರಲ್ಲೂ ಅವರು ಹೆಸರುವಾಸಿ. ಆದರೆ ಅವರ ಬಾಯಲ್ಲಿ ಒಂದು ಕೆಟ್ಟ ಮಾತು ಬರುತ್ತಿರಲಿಲ್ಲ. ಆ ರಭಸದ ನಡುವೆಯೂ ಅಲಬಾಮಾದ ಅಜ್ಜಂದಿರು ಮೊಮ್ಮಕ್ಕಳ ಮುಂದೆ ಬಳಸುವಂಥ ಹಳೆಯ, ನಿರುಪದ್ರವಿ ಬೈಗುಳಗಳೇ ಹೊರಡುತ್ತಿದ್ದವು.

ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಒಂದೂ ಪಂದ್ಯ ತಪ್ಪಿಸದೆ 51 ಪಂದ್ಯಗಳಲ್ಲಿ ಆಡಿದ ಮೇಲೆ, 2004ರಲ್ಲಿ ವೃತ್ತಿಪರ ಲೀಗಿನ ಆಯ್ಕೆಯ ದಿನ ಬಂತು. ಚಾರ್ಜರ್ಸ್ ತಂಡ ಮೊದಲನೆಯವನಾಗಿ ಈಲೈ ಮ್ಯಾನಿಂಗ್ ಅವರನ್ನು ಆರಿಸಿತು. ನಾಲ್ಕನೆಯವರಾಗಿ ರಿವರ್ಸ್ ನ್ಯೂಯಾರ್ಕ್ ಜೈಂಟ್ಸ್ ಪಾಲಾದರು. ಸ್ಯಾನ್ ಡಿಯಾಗೊಗೆ ಹೋಗಲು ಮ್ಯಾನಿಂಗ್ ಒಪ್ಪದ ಕಾರಣ ಅದೇ ದಿನ ಇಬ್ಬರನ್ನೂ ಅದಲುಬದಲು ಮಾಡಲಾಯಿತು. ಅದೇ ವರ್ಷ 11ನೆಯವರಾಗಿ ಪಿಟ್ಸ್‌ಬರ್ಗ್ ತಂಡ ಸೇರಿದವರು ಬೆನ್ ರಾಥ್ಲಿಸ್‌ಬರ್ಗರ್. ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಮ್ಯಾನಿಂಗ್ ಎರಡು ಸಲ ಗೆದ್ದರು, ರಾಥ್ಲಿಸ್‌ಬರ್ಗರ್ ಎರಡು ಸಲ ಗೆದ್ದರು. ರಿವರ್ಸ್ ಒಮ್ಮೆಯೂ ಗೆಲ್ಲಲಿಲ್ಲ, ಆ ಪಂದ್ಯದ ಅಂಗಳವನ್ನು ಆಟಗಾರನಾಗಿ ತುಳಿಯಲೂ ಇಲ್ಲ. ಮೊದಲ ಎರಡು ವರ್ಷ ತಂಡದ ಆಗಿನ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಅವರ ಹಿಂದೆ ಬೆಂಚಿನಲ್ಲಿ ಕೂತು, 2006ರಲ್ಲಿ ಚುಕ್ಕಾಣಿ ಹಿಡಿದ ಮೊದಲ ಋತುವಿನಲ್ಲೇ ತಂಡ 16 ಪಂದ್ಯಗಳಲ್ಲಿ 14 ಗೆದ್ದಿತು. ಆದರೆ ನಾಕೌಟ್ ಹಂತದ ಮೊದಲ ಪಂದ್ಯದಲ್ಲೇ ಸೋತಿತು.

ಅವರ ಆಟಗಾರ ಜೀವನದಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು 2008ರ ಜನವರಿ 20ರ ಪಂದ್ಯದ ಮೇಲೆ. ಹಿಂದಿನ ವಾರ ಇಂಡಿಯಾನಾಪೊಲಿಸ್‌ನಲ್ಲಿ ಆಡುವಾಗ ಅವರ ಮೊಣಕಾಲಿನ ಮುಖ್ಯ ಕಟ್ಟುನಾರು ಹರಿದಿತ್ತು. ಸಾಮಾನ್ಯವಾಗಿ ಆ ಪೆಟ್ಟು ಬಿದ್ದವರು ಊರುಗೋಲು ಹಿಡಿದು ತಿಂಗಳುಗಟ್ಟಲೆ ಮನೆಯಲ್ಲಿರುತ್ತಾರೆ. ರಿವರ್ಸ್ ವಾರದ ನಡುವೆ ಚಿಕ್ಕ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಕಾಲಿಗೆ ಪಟ್ಟಿ ಕಟ್ಟಿಕೊಂಡು, ಅಲ್ಲಿಯವರೆಗೆ ಒಂದೂ ಪಂದ್ಯ ಸೋಲದಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಿರುದ್ಧ ಅವರದೇ ನೆಲದಲ್ಲಿ, ಮೈ ಕೊರೆಯುವ ಚಳಿಯಲ್ಲಿ ಇಡೀ ಪಂದ್ಯ ಆಡಿದರು. ಚಾರ್ಜರ್ಸ್ 12–21ರಿಂದ ಸೋತಿತು. ಎರಡು ವಾರದ ಬಳಿಕ ಅದೇ ಪೇಟ್ರಿಯಟ್ಸ್ ತಂಡವನ್ನು ಸೂಪರ್ ಬೌಲ್‌ನಲ್ಲಿ ಸೋಲಿಸಿದ್ದು ಈಲೈ ಮ್ಯಾನಿಂಗ್ ಅವರ ಜೈಂಟ್ಸ್. ಹಾಗೆ ಹರಿದ ಕಾಲಿನಲ್ಲಿ ಆಡಿದ್ದು ಸರಿಯೋ ತಪ್ಪೋ ಎಂದು ನನ್ನೊಳಗೆ ಇಂದಿಗೂ ಜಗ್ಗಾಟವಿದೆ. ಮಕ್ಕಳಿರುವ ಯಾವ ತಂದೆತಾಯಿಯೂ ತಮ್ಮ ಮಗ ಹಾಗೆ ಆಡಲಿ ಎಂದು ಬಯಸಲಾರರು. ಆದರೆ ಆ ದಿನ ಅವರೊಳಗೆ ಆಳವಾಗಿ ಇಳಿದಿತ್ತು ಎಂಬುದು ಮಾತ್ರ ನಿಜ. 13 ವರ್ಷದ ನಂತರ, 2021ರ ಜನವರಿ 20ರಂದೇ ಅವರು ನಿವೃತ್ತಿ ಘೋಷಿಸಿದರು. ಕ್ರೀಡಾಪಟುಗಳ ಪಾಲಕ ಸಂತನಾದ ಸೆಬಾಸ್ಟಿಯನ್‌ನ ಹಬ್ಬದ ದಿನವದು, ತಾನು ಕಟ್ಟುನಾರಿಲ್ಲದ ಕಾಲಿನಲ್ಲಿ ಆಡಿದ ದಿನವೂ ಅದೇ ಎಂದು ತಮ್ಮ ಹೇಳಿಕೆಯಲ್ಲಿ ನೆನೆದರು.

2006ರಿಂದ 2020ರ ಋತುವಿನ ಕೊನೆಯವರೆಗೆ ಒಂದನ್ನೂ ಬಿಡದೆ 240 ಲೀಗ್ ಪಂದ್ಯಗಳಲ್ಲಿ ಅವರು ಮೊದಲ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದರು. ಈ ಸ್ಥಾನದಲ್ಲಿ ಇದಕ್ಕಿಂತ ಉದ್ದದ ಸರಣಿ ಇರುವುದು ಬ್ರೆಟ್ ಫಾರ್ವ್ ಅವರದು ಮಾತ್ರ. ಇಂಥ ಅಂಕಿಗಳಿಗಿಂತ ನನಗೆ ಹೆಚ್ಚು ಹಿಡಿಸುವುದು ಒಂದು ವ್ಯಾನಿನ ಸಂಗತಿ. 2017ರಲ್ಲಿ ಚಾರ್ಜರ್ಸ್ ತಂಡ ಸ್ಯಾನ್ ಡಿಯಾಗೊ ಬಿಟ್ಟು ಲಾಸ್ ಏಂಜಲೀಸ್ ಕಡೆಗೆ ಹೋದಾಗ, ಮಕ್ಕಳ ಶಾಲೆ, ಮನೆ ಕದಲಿಸಬಾರದೆಂದು ರಿವರ್ಸ್ ಊರು ಬಿಡಲಿಲ್ಲ. ಬದಲಿಗೆ ಒಂದು ದೊಡ್ಡ ವಾಹನದ ಹಿಂಭಾಗದಲ್ಲಿ ಪರದೆ ಹಾಕಿಸಿ, ದಿನವೂ ಹೋಗಿಬರುವ ದಾರಿಯಲ್ಲಿ ಎದುರಾಳಿಗಳ ಪಂದ್ಯದ ಚಿತ್ರಿಕೆಗಳನ್ನು ನೋಡುತ್ತ ಕೂರುತ್ತಿದ್ದರು. ರಾತ್ರಿ ಊಟದ ಹೊತ್ತಿಗೆ ಮನೆಗೆ ಬರಬೇಕು, ಆಟದ ಪಾಠವೂ ತಪ್ಪಬಾರದು. ಆಗ ಎಂಟು ಮಕ್ಕಳ ತಂದೆಯಾಗಿದ್ದವರಿಗೆ ಇದು ಅನಿವಾರ್ಯವೂ ಇರಬಹುದು. ಆದರೂ ಕೋಟಿಗಟ್ಟಲೆ ಡಾಲರ್ ದುಡಿಯುವ ಆಟಗಾರ ಈ ಏರ್ಪಾಡು ಮಾಡಿಕೊಂಡದ್ದು ಕಂಡಾಗ, ಮುಂದೆ ಅವರು ಹೋಗಲಿದ್ದ ದಾರಿ ಆಗಲೇ ಗೋಚರಿಸುತ್ತಿತ್ತು ಎನಿಸುತ್ತದೆ.

ಆ ದಾರಿಯನ್ನು ಅವರು 2020ರ ಮೇ ತಿಂಗಳಲ್ಲಿ, ಇನ್ನೂ ಆಟದಲ್ಲಿರುವಾಗಲೇ ಬಹಿರಂಗಪಡಿಸಿದರು. ಆಗಷ್ಟೇ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಸೇರಿದ್ದರು, ಹೊಸ ತಂಡದಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಆದರೂ ಫೇರ್‌ಹೋಪ್‌ಗೆ ಬಂದು, ಆಟ ಬಿಟ್ಟ ದಿನ ಈ ಶಾಲೆಯ ಕೋಚ್ ಆಗುತ್ತೇನೆ ಎಂದು ಶಾಲೆಯವರ ಜೊತೆ ಕೂತು ಪ್ರಕಟಿಸಿದರು. ಬಾಲ್ಯದಲ್ಲಿ ತನಗೆ ಎರಡು ಕನಸುಗಳಿದ್ದವು, ಒಂದು ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಆಡುವುದು, ಇನ್ನೊಂದು ಅಪ್ಪನ ಹಾಗೆ ಹೈಸ್ಕೂಲ್ ಕೋಚ್ ಆಗುವುದು ಎಂದು ಅಂದು ಹೇಳಿದರು. ಆ ಶಾಲೆ ಶುರುವಾದದ್ದೇ 2016ರಲ್ಲಿ. ಹೆಸರು ಮಾಡಿದ ಫುಟ್‌ಬಾಲ್ ಪರಂಪರೆಯೇನೂ ಅದಕ್ಕಿರಲಿಲ್ಲ. ಅವರ ಟೊಪ್ಪಿಗೆಯ ಮೇಲೆ ಆಗಾಗ ಕಾಣುವ ‘ನುಂಕ್ ಚೇಪಿ’ ಎಂಬ ಲ್ಯಾಟಿನ್ ನುಡಿಗೆ ಈಗ ಆರಂಭಿಸುತ್ತೇನೆ ಎಂದು ಅರ್ಥ. ಚೆಂಡು ಕಳೆದುಕೊಂಡ ಯತ್ನದ ನಂತರವೂ, ಸೋತ ವಾರದ ನಂತರವೂ ಹೇಳಿಕೊಳ್ಳಬಹುದಾದ ಮಾತು ಅದು.

ಹೆಸರಾಂತ ಆಟಗಾರರು ಹೈಸ್ಕೂಲಿಗೆ ಬರುವುದು ಇದೇ ಮೊದಲಲ್ಲ. 2001ರ ಜನವರಿಯಲ್ಲಿ ಬಾಲ್ಟಿಮೋರ್ ರೇವನ್ಸ್ ಜೊತೆ ಸೂಪರ್ ಬೌಲ್ ಗೆದ್ದ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಡಿಲ್ಫರ್ 2019ರಲ್ಲಿ, ನಮ್ಮಿಂದ ಎರಡು ಗಂಟೆಯ ದಾರಿಯ ನ್ಯಾಶ್‌ವಿಲ್‌ನ ಲಿಪ್ಸ್‌ಕಂಬ್ ಅಕಾಡೆಮಿಯ ಕೋಚ್ ಆಗಿ, 2021 ಮತ್ತು 2022ರಲ್ಲಿ ರಾಜ್ಯ ಪ್ರಶಸ್ತಿ ಗೆಲ್ಲಿಸಿ, ಬಳಿಕ ಬರ್ಮಿಂಗ್‌ಹ್ಯಾಮ್‌ನ ವಿಶ್ವವಿದ್ಯಾಲಯ ತಂಡಕ್ಕೆ ಹೋದರು. ಅದರಲ್ಲಿ ತಪ್ಪೇನೂ ಇಲ್ಲ, ಬೆಳೆಯುವವರು ಬೆಳೆಯಬೇಕು. ರಿವರ್ಸ್ ವಿಷಯದಲ್ಲಿ ಶಾಲೆ ಮುಂದಿನ ಮೆಟ್ಟಿಲಿನ ಹಾಗೆ ಕಾಣಲಿಲ್ಲ ಎನ್ನುವುದಷ್ಟೇ ನನ್ನ ಮಾತು. 2021ರಿಂದ 2025ರವರೆಗೆ ಐದು ಋತು ಅವರು ಅಲ್ಲೇ ಇದ್ದರು, ಅವರ ಹಿರಿಯ ಮಗ ಅದೇ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಆದ. ಅಥೆನ್ಸಿನಲ್ಲಿ ನಡೆದದ್ದೇ ಒಂದು ತಲೆಮಾರಿನ ನಂತರ ಕೊಲ್ಲಿಯ ದಡದಲ್ಲಿ ನಡೆಯಿತು.

ಹೈಸ್ಕೂಲ್ ಕೋಚ್ ಎಂದರೆ ಏನು ಎನ್ನುವುದು ಊರಿನಲ್ಲಿ ಓದುತ್ತಿರುವ ನಿಮಗೆ ಅಂದಾಜಾಗಬೇಕಾದರೆ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರನ್ನು ನೆನೆಯಿರಿ, ಅವರಿಗೆ ಊರ ಜಾತ್ರೆಯನ್ನು ನಡೆಸುವ ಹೊಣೆಯನ್ನೂ ಹೊರಿಸಿ. ಅಲಬಾಮಾದಲ್ಲಿ ಶುಕ್ರವಾರ ರಾತ್ರಿ ಊರಿಗೆ ಊರೇ ಶಾಲೆಯ ಮೈದಾನದಲ್ಲಿರುತ್ತದೆ. ಸರ್ಕಾರಿ ಶಾಲೆಗಳ ಕೋಚ್‌ಗಳಲ್ಲಿ ಹೆಚ್ಚಿನವರು ಹಗಲು ತರಗತಿಯಲ್ಲಿ ಪಾಠ ಮಾಡುವ ಶಿಕ್ಷಕರೇ. ಆಗಸ್ಟಿನ ಬೇಗೆಯಲ್ಲಿ ಹುಡುಗರು ತಲೆತಿರುಗಿ ಬೀಳದಂತೆ ನೀರು ಕುಡಿಸುವುದು, ತಲೆಗೆ ಪೆಟ್ಟು ಬಿದ್ದವನು ಮುಚ್ಚಿಟ್ಟು ಆಡದಂತೆ ಕಣ್ಣಿಡುವುದು, ಅಂಕ ಕಡಿಮೆಯಾದವನನ್ನು ಕೂರಿಸಿ ಓದಿಸುವುದು, ಮೈದಾನಕ್ಕೆ ಬಿಳಿ ಗೆರೆ ಎಳೆಯುವುದು, ಬಸ್ಸಿನ ಲೆಕ್ಕ ನೋಡುವುದು, ವಾರದ ಕೊನೆಯಲ್ಲಿ ಮುಂದಿನ ಎದುರಾಳಿಯ ಆಟವನ್ನು ಕೂತು ಬಿಡಿಸುವುದು, ಇವೆಲ್ಲ ಆ ಒಂದು ಪದದೊಳಗೆ ಸೇರಿವೆ.

ನನ್ನ ಮಗಳು ಇಲ್ಲಿನ ಶಾಲೆಯ ಮಾರ್ಚಿಂಗ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಅವಳನ್ನು ಕರೆದೊಯ್ಯಲೆಂದು ನಾನು ಪ್ರತಿ ಶುಕ್ರವಾರ ಅಲ್ಯೂಮಿನಿಯಂ ಬೆಂಚಿನ ಮೇಲೆ, ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಹಿಡಿದು ಕೂರುತ್ತೇನೆ; ಈ ಊರಿನಲ್ಲಿ ನನ್ನ ನಾಲಗೆಗೆ ತವರಿನ ರುಚಿ ಸಿಗುವುದು ಅದೊಂದರಲ್ಲೇ. ಎರಡು ವರ್ಷದ ಹಿಂದೆ ಒಂದು ರಾತ್ರಿ ನಮ್ಮ ಶಾಲೆ ಕೊನೆಯ ಯತ್ನದಲ್ಲಿ ಸೋತಿತು. ಗೆಲುವಿನ ಚೆಂಡು ಒಬ್ಬ ತೆಳ್ಳನೆಯ ಹುಡುಗನ ಎರಡೂ ಅಂಗೈಗೆ ಬಂದು, ಜಾರಿ ಕೆಳಗೆ ಬಿತ್ತು. ಆಟ ಮುಗಿದ ಮೇಲೆ ಹುಡುಗರೆಲ್ಲ ಹೆಲ್ಮೆಟ್ ಕಳಚಿ, ಒಂದು ಮೊಣಕಾಲು ನೆಲಕ್ಕೂರಿ ಕೋಚಿನ ಸುತ್ತ ಅರ್ಧಚಂದ್ರಾಕಾರವಾಗಿ ಕೂತರು. ಕೋಚ್ ಮಾತಾಡುತ್ತ ಮಾತಾಡುತ್ತಲೇ ನಡೆದು ಹೋಗಿ ಆ ಹುಡುಗನ ಪಕ್ಕದಲ್ಲಿ ನಿಂತರು. ಅವನ ಹೆಸರೆತ್ತಲಿಲ್ಲ, ಅವನತ್ತ ನೋಡಲೂ ಇಲ್ಲ, ಮಾತು ಮುಗಿಯುವವರೆಗೂ ಅವನ ಭುಜದ ಕವಚದ ಮೇಲೆ ಕೈ ಇಟ್ಟುಕೊಂಡೇ ಇದ್ದರು. ಜನ ಕರಗಿ, ದೀಪಗಳು ಒಂದೊಂದಾಗಿ ಆರುವ ಹೊತ್ತಿಗೆ ನಾವು ಕಾರಿನತ್ತ ನಡೆಯುತ್ತಿದ್ದಾಗ, ಅದೇ ಕೋಚ್ ಬೆವರು ಮಣ್ಣು ಮೆತ್ತಿದ ಅಂಗಿಗಳ ದೊಡ್ಡ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಟ್ಟೆ ಒಗೆಯುವ ಕೋಣೆಯ ಕಡೆಗೆ ಒಬ್ಬರೇ ಹೋಗುತ್ತಿದ್ದರು. ಸೋಮವಾರ ಬೆಳಿಗ್ಗೆ ನನ್ನ ಮಗಳಿಗೆ ಇತಿಹಾಸದ ಪಾಠ ಮಾಡುವವರೂ ಅವರೇ. ರಿವರ್ಸ್ ಅವರಿಗೆ ದುಡ್ಡಿದೆ, ಅವರಿಗೆ ಈ ಕೆಲಸ ಹಗುರ ಎಂದು ಯಾರಾದರೂ ಅಂದರೆ ನಾನು ವಾದಿಸುವುದಿಲ್ಲ, ಅದು ಖಂಡಿತ ನಿಜ. ಆದರೆ ಅವರು ಬಯಸಿದ್ದು ಈ ಚೀಲ ಹೊರುವವರ ಸಾಲಿನಲ್ಲಿ ನಿಲ್ಲುವುದನ್ನು. ಅವರ ತಂದೆ ದಶಕಗಳ ಕಾಲ ಈ ಸಾಲಿನಲ್ಲಿ ನಿಂತಿದ್ದವರು.

2025ರ ಡಿಸೆಂಬರಿನಲ್ಲಿ ಯಾರೂ ಎಣಿಸದ ತಿರುವೊಂದು ಬಂತು. ಕೋಲ್ಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡು ಋತುವಿನಿಂದ ಹೊರಬಿದ್ದರು. ತಂಡದ ಮುಖ್ಯ ಕೋಚ್ ಶೇನ್ ಸ್ಟೈಕನ್ ಹಿಂದೆ ಚಾರ್ಜರ್ಸ್‌ನಲ್ಲಿ ರಿವರ್ಸ್ ಅವರಿಗೆ ಮಾರ್ಗದರ್ಶಕರಾಗಿದ್ದವರು. ಶಾಲೆಯ ಋತು ಮುಗಿದಿತ್ತು. ಕರೆ ಬಂತು, 44 ವರ್ಷದ ರಿವರ್ಸ್ ಹೋದರು. ಸ್ಟೈಕನ್ ಅವರ ಆಟದ ಪದ್ಧತಿಯನ್ನೇ ತಾನು ಶಾಲೆಯ ಹುಡುಗರಿಗೂ ಕಲಿಸುತ್ತಿದ್ದುದರಿಂದ ಅದರ ಪರಿಭಾಷೆಯೆಲ್ಲ ಅವರ ನಾಲಗೆಯ ತುದಿಯಲ್ಲೇ ಇತ್ತು. ನಾಲ್ಕೈದು ದಿನದ ಅಭ್ಯಾಸದ ಮೇಲೆ, ಡಿಸೆಂಬರ್ 14ರ ಭಾನುವಾರ, ಸಿಯಾಟಲ್‌ನಲ್ಲಿ ಅವರು ಮೈದಾನಕ್ಕಿಳಿದರು. ಹಿಂದಿನ ಪಂದ್ಯ ಆಡಿ ಸರಿಯಾಗಿ 1,800 ದಿನಗಳಾಗಿದ್ದವು. ಇನ್ನೊಂದು ಸಂಗತಿಯೂ ಇತ್ತು. ಆ ವರ್ಷ ಅವರ ಹೆಸರು, ಆಟದ ಶ್ರೇಷ್ಠರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವಕ್ಕೆ ಪರಿಗಣಿತರಾದವರ ಪಟ್ಟಿಯಲ್ಲಿತ್ತು. ಮತ್ತೆ ಆಟಗಾರರಾದ್ದರಿಂದ, ಆಟ ಬಿಟ್ಟ ಮೇಲೆ ಐದು ವರ್ಷ ಕಾಯುವ ನಿಯಮ ಮೊದಲಿನಿಂದ ಶುರುವಾಯಿತು. ಅದು ಗೊತ್ತಿದ್ದೇ ಹೋದರು.

ಆ ಪಂದ್ಯವನ್ನು ನಾನು ನೋಡಿದೆ. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು, ಎಸೆತದ ಬಿರುಸು ತಗ್ಗಿತ್ತು. ಆದರೆ ಗೆರೆಯ ಹಿಂದೆ ನಿಂತು ಬೆರಳು ತೋರಿಸಿ ಕೂಗುವ ಆ ಹಳೆಯ ಗತ್ತು ಒಂದಿಷ್ಟೂ ಮಾಸಿರಲಿಲ್ಲ. 27 ಎಸೆತಗಳಲ್ಲಿ 18 ಸರಿಯಾಗಿ ತಲುಪಿದವು, ಚೆಂಡು ಎದುರಾಳಿಯ ತುದಿಗೆರೆ ದಾಟಿದರೆ ಸಿಗುವ ಟಚ್‌ಡೌನ್ ಒಂದು ಬಂತು. ಕೊನೆಯ ನಿಮಿಷದಲ್ಲಿ ಕೋಲ್ಟ್ಸ್ ಮುಂದಿತ್ತು. ಸಿಯಾಟಲ್ ತಂಡದವರು ಆಟ ಮುಗಿಯಲು ಸೆಕೆಂಡುಗಳಿರುವಾಗ ದೂರದಿಂದ ಒದ್ದ ಫೀಲ್ಡ್ ಗೋಲು ಕಂಬಗಳ ನಡುವೆ ಹಾದು, 16–18ರಿಂದ ಸೋಲಾಯಿತು. ಮುಂದಿನ ಎರಡು ಪಂದ್ಯಗಳೂ ಸೋಲೇ. ಸಿಯಾಟಲ್‌ನ ಪಂದ್ಯದ ಬಳಿಕ ಪತ್ರಕರ್ತರ ಮುಂದೆ ಮಾತಾಡುತ್ತ, ತನ್ನ ಮಕ್ಕಳನ್ನೂ ತಾನು ಕೋಚ್ ಮಾಡುವ ಶಾಲೆಯ ಹುಡುಗರನ್ನೂ ನೆನೆದು ಅವರಿಗೆ ಗಂಟಲು ಕಟ್ಟಿತು. ಏನಾಗುವುದೋ ಎಂಬ ಅನುಮಾನ ಎದುರಿಗಿದ್ದರೂ ನಮ್ಮ ಕೋಚ್ ಹೆದರಲಿಲ್ಲ ಎಂದು ಆ ಹುಡುಗರು ಅಂದುಕೊಂಡರೆ ಸಾಕು ಎನ್ನುವ ಅರ್ಥದ ಮಾತು ಹೇಳಿ, ಕಣ್ಣೊರೆಸಿಕೊಂಡರು. ಹುಡುಗರಿಗೆ ವರ್ಷಗಟ್ಟಲೆ ಬಾಯಲ್ಲಿ ಹೇಳಿದ್ದನ್ನು ಒಮ್ಮೆ ಮೈಮೇಲೆ ಹಾಕಿಕೊಂಡು ತೋರಿಸಬೇಕಾಗಿ ಬಂದ ಶಿಕ್ಷಕರ ಮುಖ ಅದಾಗಿತ್ತು. ಪರದೆಯ ಮುಂದೆ ಕೂತಿದ್ದ ನನ್ನ ಕಣ್ಣೂ ತುಂಬಿತ್ತು ಎಂದು ಬರೆಯಲು ನನಗೆ ಸಂಕೋಚವಿಲ್ಲ.

ಮಾರನೆಯ ದಿನ ಅಥೆನ್ಸಿನ ಆ ಹಿರಿಯರಿಗೆ ಫೋನು ಮಾಡಿದೆ. ಅವರು ಈಗ ನಿವೃತ್ತರು. ಸೋಲಿನ ವಿಷಯ ಅವರು ಎತ್ತಲೇ ಇಲ್ಲ. ಫೇರ್‌ಹೋಪ್‌ನ ಹುಡುಗರು ಎಲ್ಲರೂ ಒಟ್ಟಿಗೆ ಕೂತು ನೋಡಿರಬಹುದೇ ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು ಎಂದೆ. ನೋಡಿಯೇ ಇರುತ್ತಾರೆ, ಶುಕ್ರವಾರವಾಗಿದ್ದರೆ ಅವರಿಗೆ ಆಗುತ್ತಿರಲಿಲ್ಲ, ಪಂದ್ಯ ಇದ್ದದ್ದು ಭಾನುವಾರ ತಾನೇ ಎಂದರು.